ಕೊಂಬು ಬಲಿಯುವ ತಿಂಗಳು: ತೋಟದ ಮನೆಯಲ್ಲಿ ಬೆಳೆದ ಕಡವೆಯ ಒಂದು ಪ್ರಕರಣ

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟ. ನವೆಂಬರ್ ಕೊನೆ, ಅರೇಬಿಕಾ ಹಣ್ಣಿನ ಕೊಯ್ಲು ಆಗಷ್ಟೇ ಶುರುವಾಗಿತ್ತು. ಬೆಳಿಗ್ಗೆ ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ, ಕೊಟ್ಟಿಗೆಗೆ ಕಲಗಚ್ಚು ಒಯ್ಯುತ್ತಿದ್ದ ಮನೆಯ ಹಿರಿಯ ಹೆಂಗಸನ್ನು ಗಂಡು ಕಡವೆಯೊಂದು ಹಾಯಿತು. ಬಲಗಡೆ ಎರಡು ಪಕ್ಕೆಲುಬು ಮುರಿದವು. ಎಡತೊಡೆಯಲ್ಲಿ ಮೇಲಿನಿಂದ ನೋಡಿದರೆ ಎಂಟಾಣೆ ಅಗಲದ ತೂತು, ಒಳಗೆ ನಾಲ್ಕು ಬೆರಳು ಆಳ.

ಆ ಕಡವೆ ಕಾಡಿನಿಂದ ಇಳಿದು ಬಂದದ್ದಲ್ಲ. ಎರಡು ವರ್ಷ ಐದು ತಿಂಗಳ ಹಿಂದೆ ಇದೇ ಹೆಂಗಸು ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ ಮರಿ. ಮನೆಯವರು ಇಟ್ಟ ಹೆಸರು ಪುಟ್ಟ. ಹಿಂದಿನ ದಿನ ಸಂಜೆ ಕೂಡ ಅವರ ಕೈಯಿಂದಲೇ ಹಲಸಿನ ಸೊಪ್ಪು ತಿಂದಿತ್ತು.

ಮನೆಯವರು, ತೋಟದ ಲೆಕ್ಕ, ಆಳುಗಳ ಉಸ್ತುವಾರಿ ನೋಡುವ ರೈಟರು, ಲೈನ್ ಮನೆಯ (ಆಳುಗಳ ಸಾಲುಮನೆ) ಆಳುಗಳು, ಎಲ್ಲರ ಹೇಳಿಕೆಯಲ್ಲೂ ಒಂದೇ ಮಾತು ಇತ್ತು: ಇದ್ದಕ್ಕಿದ್ದ ಹಾಗೆ ಮೈಮೇಲೆ ಬಂತು. ಅದೇ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ತಾರೀಖು ಹಚ್ಚಿ ನೋಡಿದರೆ, ಇದ್ದಕ್ಕಿದ್ದ ಹಾಗೆ ಆದದ್ದು ಆ ಒಂದು ನಿಮಿಷ ಮಾತ್ರ. ಉಳಿದದ್ದೆಲ್ಲ ಹದಿನೈದು ದಿನ ಮೊದಲೇ ಕಣ್ಣೆದುರಿಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಒಂದು ವರ್ಷ ಮೊದಲೇ ಇತ್ತು. ಹಾಗಾಗಿ ಪ್ರಕರಣವನ್ನು ಬುಡದಿಂದ ಬಿಡಿಸಿ ಬರೆದಿದ್ದೇವೆ. ತೋಟ, ಮನೆ, ಜನ ಯಾವುದರ ಗುರುತೂ ಇಲ್ಲಿ ಕೊಟ್ಟಿಲ್ಲ.

ಮರಿ ಸಿಕ್ಕಿದ ದಿನ

ಜೂನ್ ಎರಡನೇ ವಾರ. ಮಳೆ ಜೋರಾಗುವ ಮುಂಚೆ ಬಸಿಗಾಲುವೆ ತೆಗೆಯುತ್ತಿದ್ದ ಆಳುಗಳಿಗೆ ಜರೀಗಿಡದ ನಡುವೆ ಮರಿ ಕಂಡಿತು. ಕತ್ತು ಚಾಚಿ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಹತ್ತಿರ ಹೋದರೂ ಏಳಲಿಲ್ಲ. ಪಾಪ, ಏಳಲಾರದಷ್ಟು ಸೋತಿದೆ, ತಾಯಿಯನ್ನು ಸೀಳುನಾಯಿ ಹಿಡಿದಿರಬೇಕು ಎಂದುಕೊಂಡು ಎತ್ತಿ ತಂದರು.

ಮುಂದೆ ನಡೆದದ್ದಕ್ಕೆಲ್ಲ ಬೇರು ಇಲ್ಲಿದೆ. ಕಡವೆ, ಜಿಂಕೆ, ಕಾಡುಕುರಿ ಇವೆಲ್ಲ ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗುವ ಪ್ರಾಣಿಗಳು. ಹುಟ್ಟಿದ ಮೊದಲ ವಾರಗಳಲ್ಲಿ ತಾಯಿ ದಿನಕ್ಕೆ ಕೆಲವೇ ಸಲ ಬಂದು ಹಾಲು ಕೊಡುತ್ತದೆ, ಮರಿಯ ಉಚ್ಚೆ ಹಿಕ್ಕೆಯನ್ನು ತಾನೇ ನೆಕ್ಕಿ ವಾಸನೆ ಉಳಿಯದ ಹಾಗೆ ಮಾಡುತ್ತದೆ, ಮತ್ತೆ ದೂರ ಹೋಗುತ್ತದೆ. ತಾಯಿ ಪಕ್ಕದಲ್ಲೇ ನಿಂತರೆ ಚಿರತೆಗೆ ಸುಳಿವು ಸಿಕ್ಕೀತು. ದೂರ ಇರುವುದೇ ಅದರ ಕಾವಲು. ಮರಿಗೂ ಓಡುವ ಬುದ್ಧಿ ಇನ್ನೂ ಬಂದಿರುವುದಿಲ್ಲ. ಅಪಾಯ ಕಂಡರೆ ಅಲುಗಾಡದೆ ಮಲಗುವುದೊಂದೇ ಅದಕ್ಕೆ ಗೊತ್ತು. ನಾವು ನಿತ್ರಾಣ ಎಂದುಕೊಳ್ಳುವುದು ಅದರ ಉಪಾಯ.

ನಿಜವಾಗಿ ತಬ್ಬಲಿಯಾದ ಮರಿಯ ಲಕ್ಷಣ ಬೇರೆ. ಒಂದೇ ಸಮನೆ ಕೂಗುತ್ತ ಅಲೆಯುತ್ತದೆ, ಕಣ್ಣು ಒಳಗೆ ಇಳಿದಿರುತ್ತದೆ, ಕಿವಿಯ ತುದಿ ಒಣಗಿ ಸುರುಟಿರುತ್ತದೆ, ಭುಜದ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ, ಹೊಕ್ಕುಳಿಗೋ ಗಾಯಕ್ಕೋ ನೊಣ ಮುತ್ತಿರುತ್ತದೆ. ಇವು ಇಲ್ಲವಾದರೆ ಸುತ್ತ ಕೆಲಸ ನಿಲ್ಲಿಸಿ, ನಾಯಿ ಕಟ್ಟಿ, ಆ ಪಟ್ಟೆಯನ್ನು ಒಂದೆರಡು ದಿನ ಬಿಟ್ಟುಬಿಡಬೇಕು. ಎತ್ತಿ ತಂದಾಗಿದ್ದರೆ ಅದೇ ದಿನ ಅದೇ ಜಾಗದಲ್ಲಿ ಇಟ್ಟು ಬರಬೇಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಮಲೆನಾಡಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಜಿಂಕೆ ಜಾತಿಯ ಮಟ್ಟಿಗೆ ಅದು ಸರಿಯಲ್ಲ. ತಾಯಿ ಬಂದು ಹುಡುಕುತ್ತದೆ, ಸಿಕ್ಕರೆ ಸೇರಿಸಿಕೊಳ್ಳುತ್ತದೆ. ಈ ತೋಟದಲ್ಲೂ ಮರಿ ತಂದ ರಾತ್ರಿ ಬಸಿಗಾಲುವೆಯ ಕಡೆಯಿಂದ ಎರಡು ಮೂರು ಸಲ ಕಡವೆ ಕೂಗಿದ್ದು ಲೈನ್ ಮನೆಯವರಿಗೆ ಕೇಳಿಸಿತ್ತು. ಅದನ್ನು ಮರಿಯ ಜೊತೆ ಯಾರೂ ಸೇರಿಸಿ ನೋಡಲಿಲ್ಲ.

ಕಾನೂನಿನ ಮಾತನ್ನೂ ಇಲ್ಲೇ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಂ ಪ್ರಕಾರ ಇಂಥ ಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಮನೆಯವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ತಿಂಗಳು ಕಳೆದಿತ್ತು. ಈಗ ಹೇಳಿದರೆ ಕೇಸು ಹಾಕುತ್ತಾರೆ ಎಂಬ ಹೆದರಿಕೆ ಆಮೇಲೆ ಎರಡು ವರ್ಷ ಬಾಯಿ ಕಟ್ಟಿಹಾಕಿತು.

ಹಾಲು, ಬಾಟಲಿ, ಅಡುಗೆಮನೆಯ ಮೂಲೆ

ಮೊದಲ ಮೂರು ವಾರ ಹಸುವಿನ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿ ಕುಡಿಸಿದರು, ಎಳೆಮಗುವಿಗೆ ಕೊಡುವ ಹಾಗೆ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕರ ಆಸುಪಾಸು; ಜಿಂಕೆ ಜಾತಿಯ ಹಾಲಿನಲ್ಲಿ ಅದರ ಎರಡರಷ್ಟಾದರೂ ಇರುತ್ತದೆ, ಪ್ರೋಟೀನೂ ಹಾಗೆಯೇ ಹೆಚ್ಚು. ನೀರು ಬೆರೆಸಿದ್ದರಿಂದ ಮರಿಯ ಹೊಟ್ಟೆ ತುಂಬಿತು, ಮೈಗೆ ಹತ್ತಲಿಲ್ಲ. ಹಸಿವಿಗೆ ಕೂಗಿದಾಗಲೆಲ್ಲ ಕೊಟ್ಟಿದ್ದರಿಂದ ಭೇದಿಯೂ ಹತ್ತಿತು. ಮುಂಗಾಲು ಸೊಟ್ಟಗಾಗತೊಡಗಿದ ಮೇಲೆ ಪಶುವೈದ್ಯರೊಬ್ಬರ ಮಾತು ಕೇಳಿ ನೀರಿಲ್ಲದ ಮೇಕೆ ಹಾಲಿಗೆ ಬದಲಾಯಿಸಿದರು. ದಿನಕ್ಕೆ ಮೈತೂಕದ ಹತ್ತನೇ ಒಂದು ಭಾಗದಷ್ಟು ಹಾಲು, ಐದಾರು ಕಂತಿನಲ್ಲಿ, ಮೈಬಿಸಿಯಷ್ಟು ಕಾಯಿಸಿ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ಬಾಲದ ಕೆಳಗೆ ಒರೆಸಬೇಕು. ತಾಯಿ ನೆಕ್ಕದಿದ್ದರೆ ಎಳೆಮರಿಗೆ ಉಚ್ಚೆ ಹಿಕ್ಕೆ ಇಳಿಯುವುದಿಲ್ಲ. ಮರಿ ಉಳಿಯಿತು. ಆ ಹೆಂಗಸು ರಾತ್ರಿ ಎರಡು ಸಲ ಎದ್ದು ಇದನ್ನೆಲ್ಲ ಮಾಡಿದ್ದಾರೆ. ಅವರ ಅಂತಃಕರಣದ ಬಗ್ಗೆ ನಮಗೆ ಒಂದು ಚೂರೂ ಅನುಮಾನವಿಲ್ಲ.

ಆದರೆ ಹಾಲಿನ ತಪ್ಪು ಮೂರು ವಾರದಲ್ಲಿ ಸರಿಹೋಯಿತು, ಇನ್ನೊಂದು ತಪ್ಪು ಸರಿಹೋಗಲೇ ಇಲ್ಲ. ಮರಿ ಅಡುಗೆಮನೆಯ ಮೂಲೆಯಲ್ಲಿ ಬೆಳೆಯಿತು. ನಾಲ್ಕು ತಿಂಗಳು ಹಾಲು ಕೊಟ್ಟದ್ದು ಒಬ್ಬರೇ. ಆ ಅವಧಿಯಲ್ಲಿ ಇನ್ನೊಂದು ಕಡವೆಯನ್ನು ಅದು ನೋಡಲಿಲ್ಲ, ಮೂಸಲಿಲ್ಲ, ತಳ್ಳಾಡಲಿಲ್ಲ. ತಾನು ಯಾವ ಜಾತಿ ಎಂಬುದನ್ನು ಪ್ರಾಣಿ ಕಲಿಯುವುದು ಆ ದಿನಗಳಲ್ಲೇ. ಪುಟ್ಟ ಕಲಿತದ್ದು ಎರಡು ಕಾಲಿನ ಮೇಲೆ ನಡೆಯುವವರೇ ತನ್ನವರು ಎಂದು.

ಕಾಡಿನಲ್ಲಿ ಬೆಳೆದ ಗಂಡು ಕಡವೆಗೆ ಮನುಷ್ಯ ಎಂದರೆ ಹುಲಿಯ ಸಾಲಿನವನು. ಎಂಥ ಬೆದೆಯಲ್ಲಿದ್ದರೂ ನಮ್ಮ ವಾಸನೆ ಮೂಗಿಗೆ ಬಡಿದರೆ ಪೇರಿ ಕೀಳುತ್ತದೆ. ಅದು ಹಾಯುವುದು ತನ್ನ ಜಾತಿಯ ಇನ್ನೊಂದು ಗಂಡನ್ನು ಮಾತ್ರ. ಕೈಯಲ್ಲಿ ಬೆಳೆದದ್ದಕ್ಕೆ ನಮ್ಮ ಭಯವಿಲ್ಲ, ಜೊತೆಗೆ ನಾವೇ ಅದರ ಜಾತಿ. ಆದ್ದರಿಂದ ಪ್ರಾಯಕ್ಕೆ ಬಂದಾಗ ಎದುರಾಳಿಯೂ ನಾವೇ. ನಮ್ಮನ್ನು ಮರೆತು, ಋಣ ತಪ್ಪಿ ಅದು ಹಾಯುವುದಿಲ್ಲ. ನಮ್ಮನ್ನು ತನ್ನವರು ಎಂದುಕೊಂಡಿರುವುದರಿಂದಲೇ ಹಾಯುತ್ತದೆ. ದನಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ: ಹೆರ್‌ಫೋರ್ಡ್ ತಳಿಯ ಗಂಡುಕರುಗಳನ್ನು ಒಂಟಿಯಾಗಿ ಕೈಹಾಲು ಕೊಟ್ಟು ಬೆಳೆಸಿದಾಗ, ದೊಡ್ಡವಾದ ಮೇಲೆ ಅವು ಮನುಷ್ಯರಿಗೇ ತಲೆ ತಗ್ಗಿಸಿ ಬಂದವು. ಗುಂಪಿನಲ್ಲಿ ಬೆಳೆದವುಗಳಲ್ಲಿ ಅದು ತೀರ ಕಡಿಮೆ.

ಹಣೆಗೆ ಅಂಗೈ ಕೊಟ್ಟು ತಳ್ಳುವ ಆಟ

ಒಂದು ವರ್ಷ ತುಂಬುವ ಹೊತ್ತಿಗೆ ಹಣೆಯ ಮೇಲೆ ಎರಡು ಗುಬುಟು ಎದ್ದು, ಕವಲಿಲ್ಲದ ಮೊಳೆಗೊಂಬು ಬಂತು. ರಜೆಗೆ ಬಂದ ಮನೆಯ ಹುಡುಗರು ಅದರ ಹಣೆಗೆ ಅಂಗೈ ಕೊಟ್ಟು ತಳ್ಳುತ್ತಿದ್ದರು. ಅದೂ ತಳ್ಳುತ್ತಿತ್ತು, ಹುಡುಗರು ಹಿಂದೆ ಸರಿದು ನಗುತ್ತಿದ್ದರು. ಫೋನಿನಲ್ಲಿ ತೆಗೆದ ವಿಡಿಯೊಗಳು ಇನ್ನೂ ಇವೆ. ಒಂದರಲ್ಲಿ ಚೆನ್ನಾಗಿ ಕಾಣುತ್ತದೆ: ಕಡವೆ ಮೊದಲು ತಲೆ ಓರೆ ಮಾಡಿ ಕೊಂಬಿನ ಬುಡವನ್ನು ಅಂಗೈಗೆ ಹೊಂದಿಸಿಕೊಳ್ಳುತ್ತದೆ, ಹಿಂಗಾಲು ಊರುತ್ತದೆ, ಆಮೇಲೆ ಕತ್ತು ತಿರುಚಿ ಒತ್ತುತ್ತದೆ. ಗಂಡುಗಳು ಬಲಾಬಲ ನೋಡುವ ಕ್ರಮ ಇದೇ. ಪ್ರತಿ ಸಲ ಮನುಷ್ಯ ಹಿಂದೆ ಸರಿದಾಗ ಅದಕ್ಕೆ ಒಂದು ಗೆಲುವು ಲೆಕ್ಕಕ್ಕೆ ಸೇರಿತು.

ಆ ವರ್ಷದ ನವೆಂಬರಿನಲ್ಲಿ, ಹದಿನೇಳನೇ ತಿಂಗಳಿನಲ್ಲಿ, ಮೊದಲ ಸುಳಿವು ಸಿಕ್ಕಿತು. ಹಣ್ಣಿನ ಚೀಲ ಹೊತ್ತು ಕಣದ ಕಡೆ ಹೋಗುತ್ತಿದ್ದ ಹೆಂಗಸನ್ನು ಅಟ್ಟಿಸಿಕೊಂಡು ಹೋಗಿ ಚೀಲಕ್ಕೆ ಗುಮ್ಮಿತು. ಬಿದ್ದ ಹೆಂಗಸಿನ ಮೊಣಕೈ ತರಚಿತು. ಹಣ್ಣಿನ ಸಿಹಿ ವಾಸನೆಗೆ ಹಾಗೆ ಮಾಡಿದೆ ಎಂದು ಎಲ್ಲರೂ ಒಪ್ಪಿಕೊಂಡರು. ಹತ್ತಿರ ಬಂದದ್ದು ಗೊತ್ತಾಗಲಿ ಎಂದು ನೈಲಾನ್ ಹಗ್ಗದಲ್ಲಿ ಕತ್ತಿಗೆ ಗಂಟೆ ಕಟ್ಟಿದರು.

ಏಪ್ರಿಲಿನಲ್ಲಿ ಕೊಂಬು ಉದುರಿತು. ಮಳೆಗಾಲ ಪೂರ್ತಿ ಹೊಸ ಕೊಂಬು ತುಪ್ಪಳದ ಚರ್ಮ ಹೊದ್ದು ಬೆಳೆಯಿತು. ಆ ತಿಂಗಳುಗಳಲ್ಲಿ ಪುಟ್ಟನಷ್ಟು ಸಾಧು ಪ್ರಾಣಿ ಇರಲಿಲ್ಲ. ಮಕ್ಕಳು ಬೆನ್ನ ಮೇಲೆ ಒರಗಿದರೂ ಸುಮ್ಮನಿತ್ತು. ಪ್ರಾಯದ ಹುಡುಗಾಟ ಮುಗಿಯಿತು, ಬುದ್ಧಿ ಬಂತು ಎಂದು ಮನೆಯವರು ನಿರಾಳರಾದರು. ಹೋದ ವರ್ಷ ಹಾಗೆ ಆಡಿತ್ತು, ಆಮೇಲೆ ಸರಿಹೋಯಿತಲ್ಲ ಎಂಬ ಮಾತು ಎಲ್ಲರ ಬಾಯಲ್ಲಿ ಬಂದಿದೆ.

ಸರಿಹೋದದ್ದು ಬುದ್ಧಿಯಲ್ಲ, ರಕ್ತದಲ್ಲಿ ಓಡುವ ಗಂಡುಹಾರ್ಮೋನು. ಅದು ಇಳಿದಾಗ ಕೊಂಬು ಉದುರುತ್ತದೆ. ಇಳಿದೇ ಇರುವಷ್ಟು ದಿನ ಹೊಸ ಕೊಂಬು ತುಪ್ಪಳದೊಳಗೆ ಮೆತ್ತಗೆ, ರಕ್ತ ನರ ತುಂಬಿಕೊಂಡು ಬೆಳೆಯುತ್ತದೆ. ತಾಗಿದರೆ ನೋವಾಗುವುದರಿಂದ ಪ್ರಾಣಿ ತಾನಾಗಿಯೇ ಗುದ್ದಾಟ ಬಿಡುತ್ತದೆ. ಮಳೆ ಹಿಂದೆ ಸರಿಯುತ್ತ ಹಾರ್ಮೋನು ಮತ್ತೆ ಏರಿದಾಗ ಕೊಂಬು ಬಲಿತು ಮೂಳೆಯಾಗುತ್ತದೆ, ತುಪ್ಪಳ ಸುಲಿಯುತ್ತದೆ, ಬೆದೆ ಬರುತ್ತದೆ. ನಮ್ಮ ಕಡೆಯ ಕಡವೆಗಳಲ್ಲಿ ಬೆದೆಯ ಜೋರು ನವೆಂಬರ್, ಡಿಸೆಂಬರ್. ಕಾಫಿ ತೋಟದ ಕ್ಯಾಲೆಂಡರಿನಲ್ಲಿ ಅದೇ ಅರೇಬಿಕಾ ಕೊಯ್ಲಿನ ಕಾಲ. ವರ್ಷದಲ್ಲಿ ಅತಿ ಹೆಚ್ಚು ಜನ, ಹೊಸ ಮುಖ, ಮಕ್ಕಳು ತೋಟದೊಳಗೆ ಇರುವ ತಿಂಗಳು, ಬೆನ್ನು ಬಾಗಿಸಿ, ಕಿವಿಗೆ ಬಟ್ಟೆ ಸುತ್ತಿ ಕೆಲಸ ಮಾಡುವ ತಿಂಗಳು. ಇದಕ್ಕಿಂತ ಕೆಟ್ಟ ಹೊಂದಾಣಿಕೆ ಇನ್ನೊಂದಿಲ್ಲ.

ಆನೆಯ ವಿಚಾರದಲ್ಲಿ ಈ ತಿಳಿವಳಿಕೆ ನಮ್ಮ ಸೀಮೆಗೆ ಹೊಸತಲ್ಲ. ಶಿಬಿರದ ಗಂಡಾನೆಯ ಕಪೋಲ ಉಬ್ಬಿ ಮದ ಸೋರಿದರೆ, ಅದು ಎಷ್ಟೇ ಪಳಗಿದ್ದರೂ ಮಾವುತ ಕೆಲಸಕ್ಕೆ ಇಳಿಸುವುದಿಲ್ಲ, ಹಿಂಗಾಲಿಗೆ ಸರಪಳಿ ಹಾಕಿ ಬೇರೆ ಕಟ್ಟುತ್ತಾನೆ. 1968ರಲ್ಲಿ ಕಾಕನಕೋಟೆಯಲ್ಲಿ ಹಿಡಿದ ಅರ್ಜುನ 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕೆ.ಜಿ.ಯ ಚಿನ್ನದ ಅಂಬಾರಿ ಹೊತ್ತು ಲಕ್ಷಾಂತರ ಜನರ ನಡುವೆ ನಡೆದ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಜನಜಂಗುಳಿಯಲ್ಲಿ ಅವನು ತೋರಿದ ಆ ಶಾಂತಿ ಪ್ರೀತಿಯೊಂದರಿಂದಲೇ ಬಂದದ್ದಲ್ಲ. ಒಂದೊಂದು ಆನೆಗೆ ಮಾವುತ, ಕಾವಾಡಿ ಎಂದು ಇಬ್ಬರು, ದಿನವೂ, ವರ್ಷಗಟ್ಟಲೆ ಕಣ್ಣಿಟ್ಟು ನೋಡಿಕೊಂಡದ್ದರಿಂದ ಬಂದದ್ದು. ಕಡವೆ ಸಾಕಿದ ಮನೆಗೆ ಆ ಪರಂಪರೆ ಇಲ್ಲ. ಕಡವೆಯ ಮದ ಕೆನ್ನೆಯಲ್ಲಿ ಸೋರುವುದೂ ಇಲ್ಲ, ಬೇರೆ ಕಡೆ ಹುಡುಕಬೇಕು.

ಹದಿನೈದು ದಿನ ಮೊದಲು ಕಂಡದ್ದು

ಘಟನೆಗೆ ಮುಂಚಿನ ಎರಡು ವಾರದಲ್ಲಿ ಯಾರ್ಯಾರು ಏನು ನೋಡಿದ್ದರು ಎಂದು ಒಬ್ಬೊಬ್ಬರನ್ನೇ ಕೇಳಿದಾಗ ಸಿಕ್ಕಿದ್ದು ಇಷ್ಟು, ಹೆಚ್ಚಿನವು ಬೆದೆಯ ಗುರುತುಗಳೇ. ಕಣದ ಪಕ್ಕದ ಎರಡು ಸಿಲ್ವರ್ ಮರ, ಒಂದು ಕಿತ್ತಳೆ ಗಿಡದ ತೊಗಟೆ ಸೊಂಟದ ಎತ್ತರದಲ್ಲಿ ಸುಲಿದುಹೋಗಿತ್ತು. ಕೆರೆಯ ಕೋಡಿಯ ಕೆಸರಿನಲ್ಲಿ ಹೊರಳಿ, ತನ್ನದೇ ಉಚ್ಚೆಯ ನಾತ ಹೊತ್ತು ಬರುತ್ತಿತ್ತು. ಮನೆಯ ಸೊಸೆ ಎರಡು ಸಲ ಹೋಸ್ ಪೈಪಿನಲ್ಲಿ ತೊಳೆದಿದ್ದರು. ಹಾಕಿದ ತವುಡು ಅರ್ಧ ಉಳಿಯುತ್ತಿತ್ತು. ಹಿಂಗಾಲಿನ ಮೇಲೆ ನಿಂತು ಹಲಸಿನ ಕೊಂಬೆಗೆ ಮುಖ ಉಜ್ಜುತ್ತಿದ್ದದ್ದನ್ನು ಸೊಪ್ಪಿಗೆ ಎಟುಕುತ್ತಿದೆ ಎಂದುಕೊಂಡಿದ್ದರು. ಗಂಟಲಿನ ಕೆಳಗೆ ಕೂದಲು ಉದುರಿ ರಕ್ತ ಒಸರಿದಂಥ ಕಲೆ; ಅದಕ್ಕೆ ಬೇವಿನೆಣ್ಣೆ ಹಚ್ಚಿದ್ದರು. ರಾತ್ರಿ ಕೊಟ್ಟಿಗೆಗೆ ಬರುವುದು ನಿಂತಿತ್ತು. ತೋಟದ ಕೆಳಗಿನ ಹಡ್ಲಿನಲ್ಲಿ (ಪಾಳುಬಿದ್ದ ಗದ್ದೆ) ಹೆಣ್ಣು ಕಡವೆಗಳ ಹೆಜ್ಜೆ ಇತ್ತು ಎಂದು ರೈಟರು ಹೇಳಿದರು.

ಗಂಟೆಯ ಹಗ್ಗದ ವಿಷಯ ಬೇರೆಯಾಗಿ ಹೇಳಬೇಕು. ಬೆದೆಗೆ ಬಂದ ಗಂಡು ಕಡವೆಯ ಕತ್ತು ಊದಿಕೊಳ್ಳುತ್ತದೆ. ಮಳೆಗಾಲದಲ್ಲಿ ಮೂರು ಬೆರಳು ಸಲೀಸಾಗಿ ಹೋಗುತ್ತಿದ್ದ ನೈಲಾನ್ ಹಗ್ಗ ನವೆಂಬರಿನಲ್ಲಿ ಕೂದಲೊಳಗೆ ಹೂತು ಚರ್ಮ ಕೊಯ್ದಿತ್ತು. ಗಂಟೆ ಕತ್ತಿಗೆ ಒತ್ತಿಕೊಂಡು ಸದ್ದೂ ನಿಂತಿತ್ತು. ಎಚ್ಚರಿಕೆಗೆಂದು ಕಟ್ಟಿದ್ದು ಬೇಕಾದ ಹೊತ್ತಿಗೆ ಮೂಕವಾಯಿತು, ಮೇಲಿಂದ ನೋವೂ ಕೊಟ್ಟಿತು.

ಈ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ತಟ್ಟಿದ್ದು ಇನ್ನೊಂದು ವಿಷಯ. ಆ ಕೊನೆಯ ವಾರ ಕಡವೆ ನನ್ನ ಜೊತೆಜೊತೆಗೇ ಹೆಜ್ಜೆ ಹಾಕುತ್ತಿತ್ತು, ನಾನು ನಿಂತರೆ ನಿಲ್ಲುತ್ತಿತ್ತು, ಮೊದಲಿಗಿಂತ ಹೆಚ್ಚು ಹಚ್ಚಿಕೊಂಡಿತ್ತು ಎಂದು ಆ ಹೆಂಗಸು ಆಸ್ಪತ್ರೆಯಲ್ಲಿ ಹೇಳಿದರು. ಹೇಗೆ ನಡೆಯುತ್ತಿತ್ತು ಎಂದು ಕೇಳಿದಾಗ ಮಂಚದ ಮೇಲೇ ಕೈಯಲ್ಲಿ ತೋರಿಸಿದರು: ಪಕ್ಕಕ್ಕೆ ಮೈಯ ಉದ್ದ ತೋರಿಸುತ್ತ, ಕಾಲು ಸೆಟೆದು ನಿಧಾನವಾಗಿ, ತಲೆ ಮೇಲೆತ್ತಿ, ಮುಖ ಮಾತ್ರ ಆ ಕಡೆ ತಿರುಗಿಸಿ. ಜಿಂಕೆ ಜಾತಿಯ ಎರಡು ಗಂಡುಗಳು ಕಾದಾಟಕ್ಕೆ ಮುಂಚೆ ಒಂದನ್ನೊಂದು ಅಳೆಯುತ್ತ ನಡೆಯುವ ನಡಿಗೆ ಅದು. ಅಕ್ಕರೆ ಎಂದು ಅವರು ಓದಿಕೊಂಡದ್ದು ಸವಾಲಾಗಿತ್ತು.

ಆ ನಿಮಿಷ

ಕಡವೆ ದಾರಿಗೆ ಅಡ್ಡಲಾಗಿ ನಿಂತಿತ್ತು. ಆ ಹೆಂಗಸು ಹೆಸರು ಹಿಡಿದು ಕರೆದರು. ತಲೆ ಎತ್ತಿತು, ಕತ್ತಿನ ಕೂದಲು ನಿಮಿರಿತ್ತು, ಕಣ್ಣಿನ ಮುಂದಿನ ಗುಳಿ ಬಾಯಿ ಬಿಟ್ಟ ಹಾಗೆ ತೆರೆದಿತ್ತು. ತುರಿಸಲು ಕೇಳುತ್ತಿದೆ ಎಂದುಕೊಂಡು ಅವರು ಎರಡು ಮಾರು ದೂರದಲ್ಲಿ, ಅದಕ್ಕೆ ಎದುರಾಗಿ, ಬಕೆಟ್ ಕೆಳಗಿಡಲು ಬಗ್ಗಿದರು. ಎದುರಿಗಿದ್ದವರು ತಲೆ ತಗ್ಗಿಸಿದರೆ ಕಡವೆಯ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ: ಬಾ.

ಮೊದಲ ಹೊಡೆತ ಪಕ್ಕೆಗೆ, ಕೊಂಬಿನ ಬುಡದಿಂದ. ಬಿದ್ದ ಮೇಲೆ ಎರಡನೆಯದು ತೊಡೆಗೆ, ತುದಿಯಿಂದ. ಆಮೇಲೆ ಕತ್ತು ತಿರುಚಿ ನೆಲಕ್ಕೆ ಒತ್ತತೊಡಗಿತು, ಹುಡುಗರ ಅಂಗೈ ಒತ್ತುತ್ತಿದ್ದ ಹಾಗೆಯೇ. ದನ ಒಂದು ಸಲ ಹಾಯ್ದು ಸರಿಯುವುದುಂಟು. ಬೆದೆಯ ಕಡವೆ ಎದುರಾಳಿ ಓಡುವವರೆಗೆ ಬಿಡುವುದಿಲ್ಲ, ಬಿದ್ದವರು ಓಡಲಾರರು. ಅವರ ಜೀವ ಉಳಿಸಿದ್ದು ಮಳೆನೀರು ಇಂಗಲೆಂದು ಕಾಫಿ ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿ. ಹೊರಳಿ ಒಂದೂವರೆ ಅಡಿ ಆಳದ ಗುಂಡಿಗೆ ಬಿದ್ದರು. ಕೊಂಬು ಎರಡು ಅಂಚಿನ ಮಣ್ಣಿಗೆ ತಾಗಿ ನಿಂತಿತು.

ಓಡಿಬಂದವರು ಮೊದಲು ಕೂಗಿದರು, ತಗಡು ಬಡಿದರು, ಆಮೇಲೆ ದೊಣ್ಣೆಯಿಂದ ಹೊಡೆದರು. ಮನುಷ್ಯನ ಸದ್ದಿಗೆ ಹೆದರದೆ ಬೆಳೆದದ್ದು ಅಲುಗಲಿಲ್ಲ. ಹೊಡೆದವರ ಮೇಲೆ ತಿರುಗಿ ಮತ್ತೆ ಗುಂಡಿಗೆ ಬಂತು. ಕೊನೆಗೆ ಫಲಿಸಿದ್ದು ಕಣದ ಟಾರ್ಪಾಲು. ಇಬ್ಬರು ಎರಡು ತುದಿ ಹಿಡಿದು ಎತ್ತರಕ್ಕೆ ಬಿಚ್ಚಿ, ಗೋಡೆಯ ಹಾಗೆ, ಓಡದೆ ನಿಧಾನವಾಗಿ ನಡೆದುಬಂದು ಕಡವೆಗೂ ಗುಂಡಿಗೂ ನಡುವೆ ನಿಂತರು. ಎದುರಾಳಿ ಕಣ್ಣಿಗೆ ಕಾಣದಾದಾಗ ಅದು ನಾಲ್ಕು ಹೆಜ್ಜೆ ಹಿಂದೆ ಸರಿದು ಪಕ್ಕದ ಗಿಡಕ್ಕೆ ಕೊಂಬು ಹೊಡೆಯತೊಡಗಿತು. ಅಷ್ಟರಲ್ಲಿ ಅವರನ್ನು ಎಳೆದುಕೊಂಡರು. ಒಟ್ಟು ನಾಲ್ಕೈದು ನಿಮಿಷ. ಒಬ್ಬರೇ ಇದ್ದು ಕೈಯಲ್ಲಿ ಏನೂ ಇಲ್ಲದಿದ್ದರೆ ಮಾಡಬಹುದಾದದ್ದು: ಬೆನ್ನು ಕೊಟ್ಟು ಓಡಬಾರದು, ಬಗ್ಗಬಾರದು, ಮರವನ್ನು ನಡುವೆ ಇಟ್ಟುಕೊಂಡು ಸುತ್ತಬೇಕು. ಬಿದ್ದರೆ ಗುಂಡಿಗೋ ಬುಡದ ಸಂದಿಗೋ ಹೊರಳಿ ಹೊಟ್ಟೆ, ಕತ್ತು ಮುಚ್ಚಿಕೊಳ್ಳಬೇಕು.

ತೊಡೆಯ ಗಾಯಕ್ಕೆ ಮಡಿಸಿದ ಪಂಚೆ ಇಟ್ಟು, ಆಸ್ಪತ್ರೆ ತಲುಪುವವರೆಗೆ ಒಬ್ಬರು ಮಂಡಿ ಊರಿ ಅದುಮಿ ಹಿಡಿದಿದ್ದರು. ಅದು ಸರಿಯಾದ ಕೆಲಸ. ಬಟ್ಟೆ ನೆನೆದರೆ ತೆಗೆಯಬಾರದು, ಮೇಲೆ ಇನ್ನೊಂದು ಇಡಬೇಕು. ಕೊಂಬಿನ ಗಾಯದ ಮೋಸ ಏನೆಂದರೆ ಬಾಯಿ ಚಿಕ್ಕದು, ಒಳಗೆ ತುದಿ ತಿರುಗಿ ಸುತ್ತಲಿನ ಮಾಂಸ ಹರಿದಿರುತ್ತದೆ, ಕೆಸರು ಉಚ್ಚೆ ಮೆತ್ತಿದ ತುದಿಯ ಕೊಳಕೆಲ್ಲ ತಳದಲ್ಲಿ ಉಳಿದಿರುತ್ತದೆ. ಆದ್ದರಿಂದ ತೊಳೆದು, ಹೊಲಿಗೆ ಹಾಕದೆ ತೆರೆದೇ ಬಿಟ್ಟು ಒಳಗಿನಿಂದ ಮಾಯಲು ಬಿಟ್ಟರು, ಟಿಟಿ ಕೊಟ್ಟರು. ರೇಬೀಸ್ ಲಸಿಕೆ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಅದಕ್ಕೆ ಕಾಡುಪ್ರಾಣಿ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮನೆಯವರು ಮೊದಲು ಎಮ್ಮೆ ಹಾಯಿತು ಎಂದಿದ್ದರು. ಮಲೆನಾಡಿನಲ್ಲಿ ಇಂಥ ಪ್ರಾಣಿಯ ಮೈಯ ಉಣುಗಿನ ಮಾತೂ ಇದೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದರ ಕಾಲವೂ ಡಿಸೆಂಬರಿನಿಂದ ಬೇಸಿಗೆಯವರೆಗೆ. ಕಡವೆಯನ್ನು ಹಿಡಿದವರು, ತೊಳೆದವರು ಮೈ ನೋಡಿಕೊಂಡು ಉಣುಗು ಕೀಳಬೇಕು, ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಇದನ್ನು ಹೇಳಬೇಕು.

ಹಿಡಿದದ್ದು, ಸಾಗಿಸಿದ್ದು

ಕೇಸಿನ ಹೆದರಿಕೆಯಿಂದ ಎರಡು ಗಂಟೆ ಹಿಂದೆಮುಂದೆ ನೋಡಿ, ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದರು. ಸಂಜೆ ಖಾಲಿ ಕೊಟ್ಟಿಗೆಯೊಳಗೆ ಉಪ್ಪು, ಸೊಪ್ಪು ಇಟ್ಟು, ಬಾಗಿಲಿಗೆ ಉದ್ದ ಹಗ್ಗ ಕಟ್ಟಿ ದೂರದಿಂದ ಎಳೆದು ಮುಚ್ಚಿದರು. ಸಂದಿಗಳಿಗೆಲ್ಲ ಗೋಣಿ ಇಳಿಬಿಟ್ಟರು. ಕತ್ತಲಾದರೆ ಕಡವೆ ಶಾಂತವಾಗುತ್ತದೆ. ಬೆಳಕಿನ ಸಂದಿ ಕಂಡರೆ ಅಲ್ಲಿಗೇ ನುಗ್ಗಿ ಕತ್ತು ಮುರಿದುಕೊಳ್ಳುತ್ತದೆ.

ಅರಿವಳಿಕೆ ಕೊಟ್ಟದ್ದು ಮರುದಿನ ನಸುಕಿನಲ್ಲಿ, ಬಿಸಿಲೇರುವ ಮುಂಚೆ. ಕಾರಣವಿದೆ. ಜಿಂಕೆ ಜಾತಿ ಓಡಿ, ಹೆದರಿ, ಒದ್ದಾಡಿದರೆ ಮೈಬಿಸಿ ಏರಿ ಸ್ನಾಯುಗಳೇ ಒಡೆಯುತ್ತವೆ, ಆ ವಿಷ ಮೂತ್ರಪಿಂಡ ಕೆಡಿಸುತ್ತದೆ. ಹಿಡಿದ ದಿನ ಚೆನ್ನಾಗಿದ್ದ ಪ್ರಾಣಿ ಮೂರನೇ ದಿನವೋ ಎರಡು ವಾರಕ್ಕೋ ಸಾಯುವುದು ಹೀಗೆ. ಝೈಲಜೀನ್, ಕೀಟಮಿನ್ ಬೆರೆಸಿದ ಒಂದೇ ಡಾರ್ಟ್. ಮಲಗಿದ ಮೇಲೆ ಕಣ್ಣಿಗೆ ಬಟ್ಟೆ, ಎದೆಯ ಮೇಲೆ ಕೂತ ಭಂಗಿ (ಮಗ್ಗುಲಾಗಿ ಬಿಟ್ಟರೆ ಹೊಟ್ಟೆಯುಬ್ಬರ ಬಂದು ಮೆಲುಕು ಶ್ವಾಸಕ್ಕೆ ಹೋಗುತ್ತದೆ), ಕೆಲವು ನಿಮಿಷಕ್ಕೊಮ್ಮೆ ಜ್ವರದ ಕಡ್ಡಿ, ತೊಡೆಸಂದಿಗೆ ತಣ್ಣೀರು. ಮೊದಲು ಕತ್ತರಿಸಿದ್ದು ಆ ನೈಲಾನ್ ಹಗ್ಗ. ಕೊಂಬನ್ನು ಬುಡದಿಂದ ಎರಡು ಇಂಚು ಬಿಟ್ಟು ಗರಗಸದಿಂದ ಕೊಯ್ದರು. ಬಲಿತ ಕೊಂಬು ಸತ್ತ ಮೂಳೆ, ನೋವಾಗುವುದಿಲ್ಲ. ತುಪ್ಪಳದ ಕೊಂಬಿಗೆ ಮಾತ್ರ ಗರಗಸ ಮುಟ್ಟಿಸಲೇಬಾರದು, ರಕ್ತ ಸುರಿಯುತ್ತದೆ. ಕೊಂಬು ಕೊಯ್ದರೆ ಅಪಾಯ ಹೋಯಿತು ಎಂದೂ ಅಲ್ಲ. ಒಂದೂವರೆ ಕ್ವಿಂಟಲಿಗೂ ಮೀರಿದ ಪ್ರಾಣಿ ಹಣೆಯಿಂದ ಗುದ್ದಿದರೂ, ಮುಂಗಾಲಿನಿಂದ ಒದ್ದರೂ ಸಾಕು.

ಭದ್ರಾ ಕಾಡಿಗೆ ಬಿಟ್ಟುಬಿಡಿ ಎಂದು ಮನೆಯವರು ಅತ್ತು ಬೇಡಿದರು. ಅದು ಆಗದ ಮಾತು. ಮನುಷ್ಯರನ್ನು ತನ್ನವರೆಂದು ತಿಳಿದ ಗಂಡನ್ನು ಎಷ್ಟು ದೂರ ಬಿಟ್ಟರೂ ಅದು ಹೊಗೆ, ದನದ ಗಂಟೆ, ಮಾತಿನ ಸದ್ದು ಹುಡುಕಿಕೊಂಡು ಊರಿಗೇ ಬರುತ್ತದೆ. ಮುಂದಿನ ನವೆಂಬರಿನಲ್ಲಿ ಅದರ ಹೆಸರು ಗೊತ್ತಿಲ್ಲದ ಯಾರದೋ ಅಂಗಳದಲ್ಲಿ ನಿಲ್ಲುತ್ತದೆ, ಇಲ್ಲವೇ ಊರನಾಯಿಗಳನ್ನು ಹತ್ತಿರ ಬಿಟ್ಟುಕೊಂಡು ಸಾಯುತ್ತದೆ. ಕಾಡಿಗೆ ಮರಳಿಸುವುದಿದ್ದರೆ ಮೊದಲ ವಾರದಲ್ಲೇ, ಬೇರೆ ಕಡವೆ ಮರಿಗಳ ಜೊತೆ, ಬಾಟಲಿ ಹಿಡಿದವರ ಮುಖ ಕಾಣದ ಹಾಗೆ ಬೆಳೆಸಬೇಕಿತ್ತು.

ಈಗ ಇಂಥದ್ದೊಂದು ಮನೆಯಲ್ಲಿ ಇದ್ದವರು ಇಂದೇ ತಿಳಿಸುವುದು ಒಳ್ಳೆಯದು, ಅದರಲ್ಲೂ ಕೊಂಬು ತುಪ್ಪಳದಲ್ಲಿರುವಾಗ. ಆಗ ಸಾಗಿಸುವುದು ಜನರಿಗೆ ಅಪಾಯವಿಲ್ಲ, ಪ್ರಾಣಿಗೂ ಸುಲಭ; ಕೊಂಬಿಗೆ ಮಾತ್ರ ಪೆಟ್ಟು ಬೀಳದ ಹಾಗೆ ಪೆಟ್ಟಿಗೆಗೆ ಗೋಣಿ ಹಾಸಬೇಕು. ಇಲಾಖೆಯವರು ಬರುವವರೆಗೆ ಹಣೆ ಮುಟ್ಟಬಾರದು, ತಳ್ಳಾಡಬಾರದು, ಕೈಯಿಂದ ತಿನ್ನಿಸುವುದು ನಿಲ್ಲಿಸಿ ಬೇಲಿಯಾಚೆಯಿಂದ ಹಾಕಬೇಕು, ಕತ್ತಿಗೆ ಏನೂ ಕಟ್ಟಬಾರದು. ಹೆಣ್ಣು ಮರಿಯಾದರೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಮಂಗ ಸಾಕಿದ ಮನೆಯಲ್ಲೂ ಇದೇ ಕಥೆ: ಗಂಡುಮರಿಗೆ ಪ್ರಾಯ ಬರಲು ನಾಲ್ಕೈದು ವರ್ಷ ಬೇಕು, ಅಷ್ಟರಲ್ಲಿ ಮನೆಯವರ ಎಚ್ಚರ ಪೂರ್ತಿ ಮಲಗಿರುತ್ತದೆ. ಕೋರೆಹಲ್ಲು ಬಂದ ಮೇಲೆ ಮೊದಲು ಕಚ್ಚುವುದು ಮನೆಯ ಮಕ್ಕಳನ್ನು.

ಪುಟ್ಟನನ್ನು ಜಿಲ್ಲೆಯ ಹೊರಗಿನ ಒಂದು ಮೃಗಾಲಯಕ್ಕೆ, ಒಳಗೆ ತಿರುಗಲಾಗದಷ್ಟು ಕಿರಿದಾದ ಪೆಟ್ಟಿಗೆಯಲ್ಲಿ, ರಾತ್ರಿ ಸಾಗಿಸಿದರು. ಕ್ಷಯದ ಪರೀಕ್ಷೆ ಮುಗಿಯುವವರೆಗೆ ಬೇರೆ ಇಟ್ಟು, ಆಮೇಲೆ ಒಂಟಿ ಆವರಣಕ್ಕೆ ಬಿಟ್ಟರು. ಬೇರೆ ಕಡವೆಗಳನ್ನು ಜಾಲರಿಯಾಚೆಯಿಂದ ನೋಡುತ್ತದೆ, ಹತ್ತಿರ ಹೋಗುವುದಿಲ್ಲ. ಕಾವಲುಗಾರ ಬಂದರೆ ಜಾಲರಿಗೆ ಬಂದು ಕೈ ಮೂಸುತ್ತದೆ. ಏಪ್ರಿಲಿನಲ್ಲಿ ಮೊಂಡುಗೊಂಬು ಉದುರಿ ಮತ್ತೆ ತುಪ್ಪಳ ಬಂತು. ಆ ಆವರಣದ ಬಾಗಿಲಿಗೆ ಎರಡು ಬೀಗ, ಇಬ್ಬರ ಬಳಿ ಒಂದೊಂದು ಕೀಲಿ. ಕಡವೆಯನ್ನು ಒಳಕೋಣೆಗೆ ಹಾಕಿ ಅಗುಳಿ ಬಿದ್ದದ್ದನ್ನು ಇಬ್ಬರೂ ನೋಡದೆ ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ತುಪ್ಪಳದ ತಿಂಗಳುಗಳಲ್ಲೂ ಆ ಕ್ರಮ ಸಡಿಲಿಸಿಲ್ಲ.